ಎಚ್ಚರಿಕೆ: ಆ ರಿಪೋರ್ಟಿನಲ್ಲಿದ್ದ 17.2 ನನ್ನದಲ್ಲ, ನನ್ನ ಮಾತ್ರೆಯದು

ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ನಿಮಗೆ ವಾಟ್ಸಾಪ್‌ನಲ್ಲಿ ಒಂದು ಆಡಿಯೋ ಕಳಿಸಿ, "ಈ ಟೀಚರ್ ಕೇಳಿ, 5 ವರ್ಷದಿಂದ ತಗೋತಿದ್ದ ಸ್ಟೆರಾಯ್ಡ್ ಮಾತ್ರೆ ಬಿಟ್ಟಿದ್ದಾರೆ, 3 ಕೆಜಿ ಇಳಿದಿದ್ದಾರೆ" ಅಂತ ಹೇಳಿದರೆ, ಆ ದನಿ ನನ್ನದು. ಆ ಮಾತು ಆಡಿ 19ನೇ ದಿನಕ್ಕೆ ನಾನು ಐಸಿಯುನಲ್ಲಿದ್ದೆ. ಅದನ್ನು ಅವರು ಯಾರಿಗೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನನಗಿರುವುದು ಶೀಹಾನ್ ಸಿಂಡ್ರೋಮ್. 2012ರಲ್ಲಿ ಮಗಳು ಹುಟ್ಟಿದಾಗ ವಿಪರೀತ ರಕ್ತ ಹೋಯಿತು. 4 ಬಾಟಲಿ ರಕ್ತ ಹಾಕಿ ಉಳಿಸಿದರು. ಬಸುರಿಯಾಗಿದ್ದಾಗ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ದಪ್ಪ ಆಗಿರುತ್ತದಂತೆ, ಆ ಹೊತ್ತಿನಲ್ಲಿ ಅದಕ್ಕೆ ರಕ್ತ ಸಾಲದೆ ಹೋದರೆ ಅದು ಸತ್ತೇ ಹೋಗಬಹುದು. ನನ್ನದು ಹಾಗೇ ಆಯಿತು. ಎದೆಹಾಲು ಒಂದು ಹನಿಯೂ ಬರಲಿಲ್ಲ. ಅತ್ತೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಅಂತ ಯಾರು ಏನು ಹೇಳಿದರೂ ಮಾಡಿ ತಿನ್ನಿಸಿದರು. ಮುಟ್ಟು ಮತ್ತೆ ಬರಲೇ ಇಲ್ಲ. ಕಂಕುಳ ಕೂದಲು ಉದುರಿತು. ಸದಾ ಚಳಿ, ಸದಾ ಸುಸ್ತು, ಮುಖ ಬಿಳಿಚಿಕೊಂಡು ಹೋಯಿತು. ಬಾಣಂತನ ಸರಿಯಾಗಿ ಆಗಲಿಲ್ಲ ಅಂತ ಎಲ್ಲರೂ ಅಂದರು. ನಾನೂ ನಂಬಿದೆ. 7 ವರ್ಷ ಹಾಗೇ ಕಳೆದೆ.

2019ರಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಲೇ ಬಿದ್ದೆ. ರಕ್ತದ ಸೋಡಿಯಂ 116 ಇತ್ತು, ತೀರಾ ಕಡಿಮೆ. ದಾವಣಗೆರೆಯಲ್ಲಿ ಹಾರ್ಮೋನ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಮಗುವಿಗೆ ಹಾಲು ಕುಡಿಸಿದ್ರಾ ಅಮ್ಮಾ?" ಅಂತ. ಏಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಬೆಳಿಗ್ಗೆ 8 ಗಂಟೆಯ ಕಾರ್ಟಿಸೋಲ್, ಅಂದರೆ ಜೀವ ಹಿಡಿದಿಡುವ ಒಂದು ಹಾರ್ಮೋನ್, 1.4 ಬಂತು, ತೀರಾ ಕಡಿಮೆ. ಎಂಆರ್‌ಐನಲ್ಲಿ ಗ್ರಂಥಿ ಇರಬೇಕಾದ ಜಾಗ ಹೆಚ್ಚುಕಮ್ಮಿ ಖಾಲಿ. ಆವತ್ತಿನಿಂದ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆ, ಎದ್ದ ಕೂಡಲೇ 10 ಎಂಜಿ, ಮಧ್ಯಾಹ್ನ 5, ಸಂಜೆ 5. ಅದು ಶುರುವಾದ ಮೇಲೆಯೇ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಕೊಟ್ಟರು, ಮೊದಲು ಕೊಡಲಿಲ್ಲ. ಜ್ವರ ಬಂದರೆ ಮಾತ್ರೆ ಡಬಲ್. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ 100 ಎಂಜಿ ಇಂಜೆಕ್ಷನ್, ಆಮೇಲೆ ಆಸ್ಪತ್ರೆ. ಇದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದುಕೊಟ್ಟು ಪರ್ಸಿನಲ್ಲಿ ಇಟ್ಟುಕೊಳ್ಳಿ ಅಂದರು.

ಒಂದೇ ವಾರಕ್ಕೆ ನಾನು ಎದ್ದು ಓಡಾಡಿದೆ. ಮಗಳ ಜೊತೆ ಮೆಟ್ಟಿಲು ಹತ್ತಿದೆ. ಆ ಮಾತ್ರೆ ನನಗೆ ಜೀವ ಕೊಟ್ಟಿತ್ತು. ಅದನ್ನೇ ನಾನು ಬಿಟ್ಟೆ.

ಯಾಕೆ ಬಿಟ್ಟೆ ಅಂದರೆ, ಆ "ಸ್ಟೆರಾಯ್ಡ್" ಅನ್ನುವ ಪದ. ಮದುವೆ ಮನೆಗೆ ಹೋದರೂ ಅದೇ, ಸ್ಟಾಫ್ ರೂಮಿನಲ್ಲೂ ಅದೇ. "ಅಯ್ಯೋ ಸ್ಟೆರಾಯ್ಡಾ? ಕಿಡ್ನಿ ಹೋಗುತ್ತೆ ಕಣೇ, ಮೂಳೆ ಸವೆಯುತ್ತೆ." ದೇಹ ತಾನೇ ಮಾಡಿಕೊಳ್ಳಬೇಕಾದಷ್ಟನ್ನು ಮಾತ್ರ ಹೊರಗಿನಿಂದ ಕೊಡುವುದು ಬೇರೆ, ಬೇರೆ ಕಾಯಿಲೆಗೆ ದೊಡ್ಡ ಡೋಸ್ ಕೊಡುವುದು ಬೇರೆ ಅಂತ ಡಾಕ್ಟರ್ ಎಷ್ಟು ಸಲ ಹೇಳಿದ್ದರೂ, ಹತ್ತು ಜನ ಹತ್ತು ಸಲ ಅಂದಾಗ ಮನಸ್ಸು ಅಲ್ಲಾಡುತ್ತದೆ. ಆ ಹೊತ್ತಿಗೇ ಮೊಬೈಲಿನಲ್ಲಿ ಒಬ್ಬ ಹಾರ್ಮೋನ್ ಕೋಚ್ ವಿಡಿಯೋ ಬಂತು. ಹೆಸರು ಹಾಕುತ್ತಿಲ್ಲ. ಒಳ್ಳೆಯ ಕನ್ನಡ, ನಿಧಾನವಾದ ಮಾತು. ಸುಸ್ತಾಗುವವರಿಗೆಲ್ಲ "ಅಡ್ರಿನಲ್ ಫಟೀಗ್" ಇದೆ, ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ದಣಿದಿದೆ ಅಂತ. ಅಂಥ ಕಾಯಿಲೆಯನ್ನು ಹಾರ್ಮೋನ್ ಡಾಕ್ಟರುಗಳು ಒಪ್ಪುವುದೇ ಇಲ್ಲ, ಅದು ನನಗೆ ಆಮೇಲೆ ಗೊತ್ತಾಯಿತು. 90 ದಿನದ ಪ್ಯಾಕೇಜಿಗೆ 26,500 ರೂಪಾಯಿ. ಎರಡು ಡಬ್ಬಿ ಪುಡಿ, ಒಂದು ಡಯಟ್ ಚಾರ್ಟ್, ವಾರಕ್ಕೊಂದು ವಿಡಿಯೋ ಕಾಲ್.

ನಾನು ಏನನ್ನೂ ಮುಚ್ಚಿಡಲಿಲ್ಲ. ಎಂಆರ್‌ಐ ರಿಪೋರ್ಟ್, 1.4 ರಿಪೋರ್ಟ್ ಎಲ್ಲ ಕಳಿಸಿದೆ. ಆ ಕೋಚ್ ನೋಡಿ, "ಮೇಡಂ, ಹೊರಗಿನಿಂದ ಹಾರ್ಮೋನ್ ಕೊಟ್ರೆ ಒಳಗಿನ ಗ್ರಂಥಿ ಸೋಮಾರಿ ಆಗುತ್ತೆ, ನಿಲ್ಲಿಸಿದ್ರೆ ತಾನೇ ಎದ್ದೇಳುತ್ತೆ" ಅಂದರು. ಇದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ನಂಬಿಕೆ ಬರುವುದು. ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೆರಾಯ್ಡ್ ತಗೊಂಡವರಲ್ಲಿ ಗ್ರಂಥಿ ಮಲಗಿರುತ್ತದೆ, ಡಾಕ್ಟರ್ ನಿಗಾದಲ್ಲಿ ನಿಧಾನವಾಗಿ ಇಳಿಸಿದರೆ ಎಷ್ಟೋ ಜನರಿಗೆ ಅದು ಏಳುತ್ತದೆ. ಆದರೆ ನನ್ನದು ಆ ಕಥೆಯೇ ಅಲ್ಲ. ಕಿಡ್ನಿ ಮೇಲಿರುವ ಅಡ್ರಿನಲ್‌ಗೆ ಕೆಲಸ ಮಾಡು ಅಂತ ಹೇಳುವುದು ಪಿಟ್ಯುಟರಿಯಿಂದ ಬರುವ ಎಸಿಟಿಎಚ್ ಅನ್ನುವ ಹಾರ್ಮೋನ್. ಆ ಹೇಳುವವನೇ ಸತ್ತುಹೋಗಿದ್ದಾನೆ. ಇನ್ನು ಯಾರು ಎಬ್ಬಿಸುತ್ತಾರೆ?

ಈಗ ಆ ಟೆಸ್ಟಿನ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

"ಹೊಸದಾಗಿ ಕಾರ್ಟಿಸೋಲ್ ಮಾಡಿಸೋಣ ಮೇಡಂ, ಬೆಳಿಗ್ಗೆ ಎಂದಿನಂತೆ ಮಾತ್ರೆ ತಗೊಂಡು, ತಿಂಡಿ ತಿಂದು, ಆರಾಮಾಗಿ ಲ್ಯಾಬಿಗೆ ಹೋಗಿ" ಅಂದರು. ಹೋದೆ. 17.2 ಬಂತು. ವಿಡಿಯೋ ಕಾಲಿನಲ್ಲಿ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ತೋರಿಸಿದರು. 1.4ಕ್ಕೆ ಕೆಂಪು ಗೆರೆ, 17.2ಕ್ಕೆ ಹಸಿರು. "ನೋಡಿ ಮೇಡಂ, ನಿಮ್ಮ ಗ್ರಂಥಿ ಯಾವತ್ತೋ ಸರಿಹೋಗಿದೆ. ಡಾಕ್ಟರ್ ನಿಮಗೆ ಹೇಳಿಲ್ಲ ಅಷ್ಟೇ." ನಾನು ಅತ್ತುಬಿಟ್ಟೆ. ಅಡುಗೆಮನೆಯಲ್ಲಿದ್ದ ಮನೆಯವರನ್ನು ಕರೆದು ತೋರಿಸಿದೆ. ಐದು ವರ್ಷ ಸುಮ್ನೆ ಮಾತ್ರೆ ನುಂಗಿದೆನಲ್ಲ ಅಂತ ಡಾಕ್ಟರ್ ಮೇಲೆ ಸಿಟ್ಟು ಬೇರೆ ಬಂತು.

ಹೈಡ್ರೋಕಾರ್ಟಿಸೋನ್ ಅಂದರೇನೇ ಕಾರ್ಟಿಸೋಲ್. ಎರಡೂ ಒಂದೇ ವಸ್ತು. ಬೆಳಿಗ್ಗೆ ನುಂಗಿದ 10 ಎಂಜಿ ರಕ್ತದಲ್ಲಿ ಓಡಾಡುತ್ತಿತ್ತು, ಲ್ಯಾಬ್ ಅದನ್ನೇ ಅಳೆದು ಕೊಟ್ಟಿತು. 17.2 ನನ್ನ ಗ್ರಂಥಿಯದಲ್ಲ, ನನ್ನ ಮಾತ್ರೆಯದು. ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದ್ದ ಸಾಕ್ಷಿಯನ್ನೇ ಮಾತ್ರೆ ಬೇಡ ಅನ್ನುವುದಕ್ಕೆ ಸಾಕ್ಷಿ ಅಂತ ತೋರಿಸಿದರು. ಇನ್ನೂ ಸಂಕಟದ ವಿಷಯ, ನನಗೆ ಇದು ಗೊತ್ತಿತ್ತು. ಪ್ರತಿ ಸಲ ಈ ಟೆಸ್ಟ್ ಬರೆದುಕೊಡುವಾಗ ನಮ್ಮ ಡಾಕ್ಟರ್ "ಮಾತ್ರೆ ತಗೊಳ್ಳದೆ ಬನ್ನಿ, ರಕ್ತ ಕೊಟ್ಟ ತಕ್ಷಣ ತಗೊಳ್ಳಿ" ಅನ್ನುತ್ತಿದ್ದರು. ಗೊತ್ತಿದ್ದೂ ಆ ಹಸಿರು ಗೆರೆ ನೋಡಿ ಎಲ್ಲ ಮರೆತೆ. ಬೇರೆಯದಕ್ಕೆಲ್ಲ ಸಮಾಧಾನ ಮಾಡಿಕೊಂಡಿದ್ದೇನೆ, ಇದೊಂದಕ್ಕೆ ಆಗುತ್ತಿಲ್ಲ.

ಮೊದಲು ಸಂಜೆಯದು ಬಿಡಿಸಿದರು, ಆಮೇಲೆ ಮಧ್ಯಾಹ್ನದ್ದು, ಆಮೇಲೆ ಬೆಳಗಿನದು. ಥೈರಾಯ್ಡ್ ಮಾತ್ರೆ ಮಾತ್ರ ಮುಂದುವರಿಸಿ ಅಂದರು. ಕಾರ್ಟಿಸೋಲ್ ಇಲ್ಲದೆ ಬರೀ ಥೈರಾಕ್ಸಿನ್ ತಗೊಂಡರೆ ಇದ್ದಬದ್ದ ಕಾರ್ಟಿಸೋಲ್ ಕೂಡ ಬೇಗ ಖರ್ಚಾಗುತ್ತದೆ, ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅತಿ ಜಾಸ್ತಿ ಸಿಟ್ಟು ಬಂದಿದ್ದೇ ಇದಕ್ಕೆ. ತೂಕ 3 ಕೆಜಿ ಇಳಿಯಿತು. "ಸೂಪರ್ ಮೇಡಂ, ಬೇರೆಯವರಿಗೂ ಸ್ಫೂರ್ತಿ ಆಗಲಿ, ಒಂದು ಆಡಿಯೋ ಕಳಿಸಿ" ಅಂದರು. ಕಳಿಸಿದೆ. ಹಸಿವೇ ಇರಲಿಲ್ಲ, ಅದಕ್ಕೇ ಇಳಿದಿದ್ದು. ಎದ್ದು ನಿಂತರೆ ಕಣ್ಣು ಕತ್ತಲೆ. ಬೆಳಿಗ್ಗೆ ಹೊಟ್ಟೆ ತೊಳಸುವುದು. ಒಂದೊಂದನ್ನೂ ಬರೆದು ಕಳಿಸಿದೆ, ಒಂದೊಂದಕ್ಕೂ ಒಂದೇ ಉತ್ತರ: "ಇದು ಹೀಲಿಂಗ್ ಕ್ರೈಸಿಸ್ ಮೇಡಂ. ವಿಷ ಹೊರಗೆ ಹೋಗ್ತಿದೆ. ಧೈರ್ಯ ಬಿಡಬೇಡಿ."

ಒಂದು ಗೃಹಪ್ರವೇಶದ ಊಟ ಮಾಡಿ ಬಂದ ರಾತ್ರಿ ವಾಂತಿ, ಭೇದಿ ಶುರುವಾಯಿತು. ಅದೇ ಊಟ ಮಾಡಿದ ಇನ್ನೂ ಮೂರು ಜನಕ್ಕೆ ಆಗಿತ್ತು, ಅವರು ಮಜ್ಜಿಗೆ ಕುಡಿದು ಮಲಗಿ ಮರುದಿನ ಎದ್ದರು. ನಾನು ಬಚ್ಚಲಿನಲ್ಲೇ ಬಿದ್ದಿದ್ದೆ. ಬಿಪಿ 70/40. ಮಗಳು ಆ ಕೋಚ್‌ಗೆ ಫೋನ್ ಮಾಡಿದಳಂತೆ, "ಆಂಟಿ, ಅಮ್ಮ ಮಾತಾಡ್ತಿಲ್ಲ" ಅಂತ. 12 ವರ್ಷದ ಮಗುವಿಗೆ ಬಂದ ಉತ್ತರ ಇದು: "ಎಳನೀರು ಕೊಡು ಪುಟ್ಟಾ, ಸರಿಹೋಗುತ್ತೆ."

ಮನೆಯವರು ಪರ್ಸ್ ಹುಡುಕಿ ಆ ಹಳೇ ಕಾರ್ಡ್ ತಗೊಂಡಿದ್ದಕ್ಕೆ ನಾನು ಬದುಕಿದ್ದೇನೆ. ಡ್ಯೂಟಿ ಡಾಕ್ಟರ್ ಕಾರ್ಡ್ ನೋಡಿದ ತಕ್ಷಣ 100 ಎಂಜಿ ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕಿದರು. ನೂರು ರೂಪಾಯಿಯೂ ಆಗದ ಇಂಜೆಕ್ಷನ್ ಅದು. ಸ್ವಲ್ಪ ಹೊತ್ತಿನಲ್ಲೇ ಬಿಪಿ ಏರಿತು, ನಾನು ಮಗಳ ಹೆಸರು ಹಿಡಿದು ಕರೆದೆ. ಎರಡನೇ ದಿನ ನಮ್ಮ ಡಾಕ್ಟರ್ ಬಂದರು. ಬೈಯಲಿಲ್ಲ. 17.2 ರಿಪೋರ್ಟ್ ನೋಡಿ ಒಂದೇ ಒಂದು ಕೇಳಿದರು: "ಆವತ್ತು ಮಾತ್ರೆ ತಗೊಂಡು ಹೋಗಿದ್ರಾ?" ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಮನೆಗೆ ಬಂದ ಮೇಲೆ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ ಹಾಗೇ ಹಾಕುತ್ತೇನೆ: "ಮಾತ್ರೆ ನಿಲ್ಲಿಸಿ ಅಂತ ನಾವು ಎಲ್ಲಾದ್ರೂ ಬರೆದಿದ್ದೀವಾ ಮೇಡಂ? ಚಾಟ್ ಚೆಕ್ ಮಾಡಿ." ಚೆಕ್ ಮಾಡಿದೆ. ನಿಜ, ಎಲ್ಲೂ ಬರೆದಿಲ್ಲ! ನಾನು "ಸಂಜೆ ಮಾತ್ರೆ ಬಿಡಲಾ?" ಅಂತ ಬರೆದ ಕಡೆಯೆಲ್ಲ ಅವರದ್ದು ಒಂದೇ ಸಾಲು, "ಕಾಲ್ ಮಾಡ್ತೀನಿ ಮೇಡಂ". ಕಾಲಿನಲ್ಲಿ ಹೇಳಿದ್ದಕ್ಕೆ ದಾಖಲೆ ಎಲ್ಲಿದೆ? ಪೂರ್ತಿ ಮೂರು ತಿಂಗಳು ಆ ಒಂದು ಸಾಲಿನ ಹಿಂದೆ ಏನಿದೆ ಅಂತ ನನಗೆ ಹೊಳೆಯಲೇ ಇಲ್ಲ. ಮತ್ತೆ ಕೇಳಿದಾಗ, "ನಿಮ್ಮ ಮನಸ್ಸಲ್ಲಿ ನೆಗೆಟಿವಿಟಿ ಜಾಸ್ತಿ, ಅದಕ್ಕೇ ದೇಹ ಒಪ್ಪಲಿಲ್ಲ" ಅಂದರು. ಮೂರನೇ ಸಲ ಕೇಳಿದ್ದಕ್ಕೆ ಬ್ಲಾಕ್ ಮಾಡಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.

ನನ್ನಂಥವರಿಗೆ ಇಷ್ಟೇ ಹೇಳುವುದು. ಮಾತ್ರೆ ನಿಲ್ಲಿಸಿ ಅನ್ನುವವರು ಯಾರೇ ಇರಲಿ, ಅದನ್ನು ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿ. ಅವರು ಕೊಡುವುದಿಲ್ಲ. ಗ್ರಂಥಿ ಸರಿಹೋಗಿದೆಯಾ ಅಂತ ನೋಡುವ ಕಾರ್ಟಿಸೋಲ್ ಟೆಸ್ಟಿಗೆ ಮಾತ್ರೆ ತಗೊಂಡು ಬನ್ನಿ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಕಾರ್ಡ್ ಪರ್ಸಿನಲ್ಲಿರಲಿ, ಅದು ಎಲ್ಲಿದೆ ಅಂತ ಮನೆಯವರಿಗೂ ಮಕ್ಕಳಿಗೂ ಗೊತ್ತಿರಲಿ. ಹೈಡ್ರೋಕಾರ್ಟಿಸೋನ್ ಎಲ್ಲಾ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಒಂದು ತಿಂಗಳಿನದು ಜಾಸ್ತಿ ತಂದಿಟ್ಟುಕೊಳ್ಳಿ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ, ಹಾಲು ಬರದೆ, ಮುಟ್ಟೂ ಬರದೆ ಇರುವವರು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಹಾರ್ಮೋನ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ನನ್ನ ಹಾಗೆ 7 ವರ್ಷ ಕಾಯಬೇಡಿ.

ಕಳೆದ ವಾರ ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. ಅವಳಿಗೂ ಪಿಟ್ಯುಟರಿ ತೊಂದರೆ, ಆಪರೇಷನ್ ಆಗಿದೆ. "ಅಕ್ಕಾ, ನಿಮ್ಮ ಆಡಿಯೋ ಕೇಳಿದೆ, ನೀವು ಈಗ ಹೇಗಿದ್ದೀರಿ ಅಂತ ಕೇಳೋಣ ಅಂತ ಹೇಗೋ ನಂಬರ್ ಹುಡುಕಿದೆ, ನಾನು ಸಂಜೆ ಮಾತ್ರೆ ಬಿಟ್ಟು ನಾಲ್ಕು ದಿನ ಆಯ್ತು" ಅಂದಳು. ಕೈ ನಡುಗಿತು ನನಗೆ. ಫೋನ್ ಇಡಬೇಡ ಅಂತ ಹೇಳಿ, ನಾನು ಕೇಳುತ್ತಿರುವ ಹಾಗೇ ಮಾತ್ರೆ ನುಂಗಿಸಿದೆ, ನಾಳೆಯೇ ನಿನ್ನ ಡಾಕ್ಟರ್ ಹತ್ತಿರ ಹೋಗು ಅಂದೆ. ಹೋಗಿದ್ದಾಳೆ. ಅವಳು ಫೋನ್ ಮಾಡಿದಳು, ಮಾಡದವರು ಎಷ್ಟು ಜನ ಇದ್ದಾರೋ. ಆ ಆಡಿಯೋ ತೆಗೆಸಲು ನನ್ನಿಂದ ಆಗುತ್ತಿಲ್ಲ. ನಿಮಗೆ ಅದು ಬಂದರೆ, ಕಳಿಸಿದವರಿಗೆ ಈ ಬರಹವನ್ನೂ ಕಳಿಸಿ. ಆ ಟೀಚರ್ ಇವತ್ತು ಬೆಳಿಗ್ಗೆಯೂ 10 ಎಂಜಿ ತಗೊಂಡೇ ಶಾಲೆಗೆ ಹೋಗಿದ್ದಾಳೆ ಅಂತ ಹೇಳಿ.