ಮೊದಲ ಕಾದಂಬರಿ: ಪ್ಯಾಕೇಜ್ ಪ್ರಕಟಣೆಯೋ, ಸ್ವಂತ ಪ್ರಕಟಣೆಯೋ?

ಮೊದಲ ಕಾದಂಬರಿಯನ್ನು ಓದುಗರ ಕೈಗೆ ಮುಟ್ಟಿಸಲು ನಾನು ಮೂರು ದಾರಿಗಳನ್ನು ಹಿಡಿದು ನೋಡಿದ್ದೇನೆ: ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿ ಕಾಯುವುದು, ಲೇಖಕರಿಂದಲೇ ಹಣ ಪಡೆದು ಎಲ್ಲವನ್ನೂ ಮಾಡಿಕೊಡುವ ಪ್ಯಾಕೇಜ್ ಸಂಸ್ಥೆಯನ್ನು ಹಿಡಿಯುವುದು, ಮತ್ತು ಬೇಡಿಕೆ ಬಂದಂತೆ ಪ್ರತಿ ಮುದ್ರಿಸುವ ಸೇವೆಯ ಮೂಲಕ ನಾನೇ ಪ್ರಕಟಿಸುವುದು. ನನಗೆ ಒಗ್ಗಿದ್ದು ಮೂರನೆಯದು. ಎರಡನೆಯದಕ್ಕೆ ಸುರಿದ ಹಣದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲವಾದ್ದರಿಂದ, ಈ ಹೋಲಿಕೆಯಲ್ಲಿ ನಿಷ್ಪಕ್ಷಪಾತವನ್ನು ಯಾರೂ ನಿರೀಕ್ಷಿಸಬಾರದು.

ಪ್ರಕಾಶಕರ ದಾರಿಯ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಅಲ್ಲಿ ಮುದ್ರಣದ ಖರ್ಚು ಅವರದು, ಸಂಪಾದಕರ ಕಣ್ಣು ಅವರದು, ಪುಸ್ತಕದಂಗಡಿಗಳ ಸಂಪರ್ಕವೂ ಅವರದೇ. ಹಸ್ತಪ್ರತಿ ಒಪ್ಪಿಗೆಯಾದರೆ ಹೊಸ ಲೇಖಕರಿಗೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ನನ್ನ ಹಸ್ತಪ್ರತಿಗೆ ಕೆಲವರಿಂದ ಸೌಜನ್ಯದ ನಿರಾಕರಣೆ ಬಂತು, ಉಳಿದವರಿಂದ ಉತ್ತರವೇ ಬರಲಿಲ್ಲ. ಒಬ್ಬ ಸಂಪಾದಕರು ಮಾತ್ರ, ಕಥೆ ನಿಜವಾಗಿ ಶುರುವಾಗುವುದು ಮೂರನೆಯ ಅಧ್ಯಾಯದಲ್ಲಿ ಎಂದು ಒಂದು ಸಾಲು ಬರೆದಿದ್ದರು. ಮುಂದೆ ಹಣ ತೆತ್ತು ಪಡೆದ ಯಾವ ಸಲಹೆಯೂ ಆ ಪುಕ್ಕಟೆ ಸಾಲಿನಷ್ಟು ಕೆಲಸಕ್ಕೆ ಬರಲಿಲ್ಲ.

ಇನ್ನು ಪ್ಯಾಕೇಜ್. ಪುಟವಿನ್ಯಾಸ, ಮುಖಪುಟ, ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ಮುದ್ರಣ, ಒಂದಿಷ್ಟು ಲೇಖಕರ ಪ್ರತಿಗಳು, ಜೊತೆಗೆ 'ಪ್ರಚಾರ' ಎಂಬ ಹೆಸರಿನ ಏನೋ ಒಂದು, ಇವಿಷ್ಟನ್ನೂ ಸೇರಿಸಿ ಒಂದೇ ಮೊತ್ತ. ಕೆಲಸ ಕಳಪೆಯಾಗಿತ್ತೆಂದು ಹೇಳಲಾರೆ. ಮುಖಪುಟ ಸೊಗಸಾಗಿಯೇ ಬಂದಿತ್ತು, ಹೇಳಿದ ದಿನಕ್ಕೆ ಪ್ರತಿಗಳೂ ಬಂದವು. ತೊಡಕು ಶುರುವಾದದ್ದು ಪುಸ್ತಕ ಹೊರಬಂದ ಮೇಲೆ, ಒಂದೇ ಒಂದು ಪದದಿಂದ.

ಕಾದಂಬರಿಯ ಮೊದಲ ಕರಡಿನಲ್ಲಿ ನಾಯಕನ ತಂಗಿಯ ಹೆಸರು ಉಮಾ. ಮುಂದಿನ ಕರಡಿನಲ್ಲಿ ಅವಳು ಶಾರದೆಯಾದಳು. ಕಂಪ್ಯೂಟರಿನಲ್ಲಿ 'ಉಮಾ' ಎಂದು ಹುಡುಕಿ ಎಲ್ಲವನ್ನೂ ಬದಲಿಸಿದ್ದಾಯಿತು. 'ಉಮಾಳ', 'ಉಮಾಳನ್ನು' ಎಲ್ಲವೂ ಸರಿಹೋದವು. ಆದರೆ ಒಂದು ಕಡೆ 'ಉಮೆಯ' ಎಂದಿತ್ತು. ಆ ರೂಪ ಹುಡುಕಾಟಕ್ಕೆ ಸಿಗಲಿಲ್ಲ, ಕರಡು ತಿದ್ದಿದವರ ಕಣ್ಣಿಗೂ ಬೀಳಲಿಲ್ಲ. ಅದು ಇದ್ದದ್ದಾದರೂ ಎಲ್ಲಿ? ಶಾರದೆ ಸಾಯುವ ಪುಟದಲ್ಲಿ. ಸತ್ತವಳು ಯಾರು ಎಂದು ಓದುಗರೊಬ್ಬರು ತೀರಾ ವಿನಯದಿಂದ ಕೇಳಿದಾಗಲೇ ನನಗೆ ಅದು ಗೊತ್ತಾದದ್ದು.

ಸಂಸ್ಥೆಗೆ ಬರೆದೆ. ಅಂತಿಮ ಪ್ರೂಫಿಗೆ ಸಹಿ ಬಿದ್ದ ನಂತರ ಒಂದು ಅಕ್ಷರ ತಿದ್ದಿದರೂ ಅದು ಒಂದು 'ಪರಿಷ್ಕರಣೆ', ಅದಕ್ಕೆ ಇಂತಿಷ್ಟು ಶುಲ್ಕ, ಈಗಾಗಲೇ ಅಚ್ಚಾಗಿರುವ ಪ್ರತಿಗಳು ಹಾಗೆಯೇ ಮಾರಾಟವಾಗುತ್ತವೆ ಎಂಬ ಉತ್ತರ ಬಂತು. ಬೇಕಿದ್ದರೆ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಪುಸ್ತಕದ ಮೊದಲಿಗೆ ಅಂಟಿಸಿಕೊಡುತ್ತೇವೆ ಎಂದರು. ಅಂದರೆ ಕಥೆ ತೆರೆಯುವ ಮೊದಲೇ ಯಾರು ಸಾಯುತ್ತಾರೆಂದು ಓದುಗರಿಗೆ ತಿಳಿಸಿಬಿಡುವ ಏರ್ಪಾಡು. ಹಾಗಾದರೆ ಪುಟವಿನ್ಯಾಸದ ಮೂಲ ಕಡತವನ್ನು ಕೊಡಿ, ನಾನೇ ತಿದ್ದಿಸಿಕೊಳ್ಳುತ್ತೇನೆ ಎಂದಾಗ, ಒಪ್ಪಂದದ ಒಂದು ಕಲಮನ್ನು ತೋರಿಸಿದರು. ಬರಹದ ಹಕ್ಕುಸ್ವಾಮ್ಯ ಲೇಖಕರದು, ಪುಟವಿನ್ಯಾಸ ಮತ್ತು ಮುಖಪುಟದ ಕಡತಗಳು ಸಂಸ್ಥೆಯ ಸ್ವತ್ತು. ಅವರು ಹಾಕಿಸಿಕೊಟ್ಟ ಐಎಸ್‌ಬಿಎನ್ ಸಹ ಅವರ ಹೆಸರಿನಲ್ಲೇ ನೋಂದಣಿಯಾದದ್ದು. ಹೀಗಾಗಿ ಒಪ್ಪಂದ ಮುರಿದುಕೊಂಡು ಹೊರಬಂದಾಗ ನನ್ನ ಕೈಯಲ್ಲಿ ಉಳಿದದ್ದು ಮೊದಲಿನಿಂದಲೂ ನನ್ನದೇ ಆಗಿದ್ದ ಹಸ್ತಪ್ರತಿ ಮಾತ್ರ. ಪುಟವಿನ್ಯಾಸ, ಮುಖಪುಟ, ಐಎಸ್‌ಬಿಎನ್ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು.

ಈ ಕಾರಣಕ್ಕೇ ಸ್ವಂತ ಪ್ರಕಟಣೆ ನನಗೆ ಹಿಡಿಸಿತು. ಬೇಡಿಕೆಗೆ ತಕ್ಕಂತೆ ಮುದ್ರಿಸುವಲ್ಲಿ ದಾಸ್ತಾನೆಂಬುದೇ ಇಲ್ಲವಾದ್ದರಿಂದ, ತಿದ್ದಿದ ಪಿಡಿಎಫ್ ಏರಿಸಿ ಅದು ಒಪ್ಪಿಗೆಯಾದ ಮೇಲೆ ಅಚ್ಚಾಗುವ ಪ್ರತಿಯಲ್ಲಿ ಶಾರದೆ ಶಾರದೆಯಾಗಿಯೇ ಸಾಯುತ್ತಾಳೆ. ಕೆಲವು ಸೇವೆಗಳು ಇದಕ್ಕೂ ಶುಲ್ಕ ಕೇಳುವುದುಂಟು. ಖಾತೆ ತೆರೆಯುವ ಮೊದಲೇ ಆ ಒಂದು ನಿಯಮವನ್ನು ನೋಡಿಕೊಳ್ಳಬೇಕು.

ಇಲ್ಲಿಯೂ ತಲೆನೋವು ಇಲ್ಲದಿಲ್ಲ, ಆದರೆ ಅದು ಲೆಕ್ಕ ಹಾಕಿ ಬಗೆಹರಿಸಬಹುದಾದ ತಲೆನೋವು. ಪುಸ್ತಕದ ಬೆನ್ನಿನ ಅಗಲ ಪುಟಗಳ ಸಂಖ್ಯೆಯನ್ನೂ ಕಾಗದವನ್ನೂ ಅವಲಂಬಿಸಿದೆ. ಅಮೆಜಾನ್‌ನ ಸ್ವಂತ ಪ್ರಕಟಣೆಯ ಸೇವೆಯಾದ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್‌ನ (ಕೆಡಿಪಿ) ಸೂತ್ರವನ್ನೇ ತೆಗೆದುಕೊಂಡರೆ, ಕೆನೆಬಣ್ಣದ ಕಾಗದಕ್ಕೆ ಪುಟವೊಂದಕ್ಕೆ 0.0025 ಇಂಚು; 240 ಪುಟಗಳ ಕಾದಂಬರಿಯ ಬೆನ್ನು 0.6 ಇಂಚು. ಅದೇ ಪುಸ್ತಕವನ್ನು ಬಿಳಿ ಕಾಗದಕ್ಕೆ ಬದಲಿಸಿದರೆ ಬೆನ್ನು 0.54 ಇಂಚಿಗೆ ಇಳಿಯುತ್ತದೆ, ಮತ್ತು ಮುಖಪುಟದ ಕಡತವನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ ಬೆನ್ನಿನ ಮೇಲಿರಬೇಕಾದ ಶೀರ್ಷಿಕೆಯ ಅಂಚು ಮುಖಪುಟದತ್ತ ಜಾರುತ್ತದೆ. ಆದ್ದರಿಂದ ಒಳಪುಟಗಳು ಪೂರ್ತಿ ಗಟ್ಟಿಯಾಗುವವರೆಗೆ ಮುಖಪುಟದ ಕಲಾವಿದರಿಂದ ಎದುರಿನ ಚಿತ್ರವನ್ನಷ್ಟೇ ಮಾಡಿಸಿಕೊಂಡು, ಬೆನ್ನನ್ನೂ ಹಿಂಬದಿಯನ್ನೂ ಕೊನೆಗೆ ಸೇರಿಸಿಸುವುದು ಜಾಣತನ. ಕನ್ನಡದ ಪುಸ್ತಕವಾದರೆ ಪಿಡಿಎಫ್‌ನಲ್ಲಿ ಫಾಂಟ್‌ಗಳು ಅಡಕವಾಗಿವೆಯೇ ಎಂಬುದನ್ನೂ ಪರೀಕ್ಷಿಸಲೇಬೇಕು. ಇಲ್ಲದಿದ್ದರೆ ಪರದೆಯ ಮೇಲೆ ನೆಟ್ಟಗಿದ್ದ ಒತ್ತಕ್ಷರಗಳು ಅಚ್ಚಿನಲ್ಲಿ ಚೆಲ್ಲಾಪಿಲ್ಲಿಯಾಗುವ ಅಪಾಯವಿದೆ. ಒಂದು ಪ್ರೂಫ್ ಪ್ರತಿಯನ್ನು ತರಿಸಿ ಕೈಯಲ್ಲಿ ಹಿಡಿದು ನೋಡದೆ ಮಾರಾಟಕ್ಕೆ ಬಿಡಬಾರದು.

ಐಎಸ್‌ಬಿಎನ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಸ್ವಂತದ್ದನ್ನೇ ಪಡೆಯಬೇಕು. ಸೇವೆಗಳು ಉಚಿತವಾಗಿ ಕೊಡುವ ಸಂಖ್ಯೆಯನ್ನು ಸಾಮಾನ್ಯವಾಗಿ ಬೇರೆ ಮುದ್ರಕರಲ್ಲಿಗೆ ಒಯ್ಯಲು ಬರುವುದಿಲ್ಲ. ಭಾರತ, ಕೆನಡಾಗಳಲ್ಲಿ ರಾಷ್ಟ್ರೀಯ ಸಂಸ್ಥೆಗಳೇ ಇದನ್ನು ಉಚಿತವಾಗಿ ಕೊಡುತ್ತವೆ. ಅಮೆರಿಕ, ಬ್ರಿಟನ್‌ಗಳಲ್ಲಿ ಹಣ ಕೊಟ್ಟು ಕೊಳ್ಳಬೇಕು. ಅಚ್ಚಿನ ಪುಸ್ತಕಕ್ಕೊಂದು, ಇ-ಪುಸ್ತಕಕ್ಕೊಂದು ಬೇರೆ ಬೇರೆ ಸಂಖ್ಯೆ ಬೇಕೆಂಬುದು ನೆನಪಿರಲಿ.

ಇ-ಪುಸ್ತಕದ ಬಗ್ಗೆ ಒಂದೇ ಮಾತು: ಕೆಡಿಪಿ ಸೆಲೆಕ್ಟ್‌ನಂಥ ಯೋಜನೆಗೆ ಸೇರಿದರೆ 90 ದಿನಗಳ ಕಾಲ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ.

ಪ್ರಚಾರದಲ್ಲಿ ಪ್ಯಾಕೇಜಿನವರು ಮಾಡಿದ್ದು ಸಾಮಾಜಿಕ ಜಾಲತಾಣದ ತಮ್ಮದೇ ಪುಟದಲ್ಲಿ ಕೆಲವು ಬಣ್ಣದ ಭಿತ್ತಿಪತ್ರಗಳನ್ನು ಹಾಕಿದ್ದು. ಅವನ್ನು ಮೆಚ್ಚಿದವರ ಹೆಸರುಗಳನ್ನು ಸುಮ್ಮನೆ ಕುತೂಹಲಕ್ಕೆ ನೋಡುತ್ತಾ ಹೋದೆ; ಬಹುಪಾಲು ಮಂದಿ ಅದೇ ಪ್ಯಾಕೇಜನ್ನು ಕೊಂಡ ನನ್ನಂಥ ಲೇಖಕರೇ. ನನ್ನ ಪಾಡಿಗೆ ನಾನು ಮಾಡಿದ ಕೆಲಸ ಸಣ್ಣದು. ಈ ಬಗೆಯ ಕಾದಂಬರಿಗಳನ್ನು ಓದುವ ಹವ್ಯಾಸವಿರುವ, ನನ್ನ ಪರಿಚಯವಿಲ್ಲದ ಕೆಲವರಿಗೆ ಬಿಡುಗಡೆಗೆ ಮೊದಲೇ ಪ್ರತಿ ಕೊಟ್ಟು, ಅನಿಸಿದ್ದನ್ನು ಅನಿಸಿದಂತೆ ಬರೆಯಲು ಕೋರಿದೆ. ಮೊದಲ ಅಧ್ಯಾಯವನ್ನು ಉಚಿತವಾಗಿ ಓದಲು ಬಿಟ್ಟೆ. ಅದರಿಂದ ಬಂದ ಓದುಗರು ಕಡಿಮೆಯಾದರೂ ಪುಸ್ತಕ ಮುಗಿಸಿದವರು. ಹಣ ಕೊಟ್ಟು ಹಾಕಿಸುವ ಜಾಹೀರಾತನ್ನೂ ಪರೀಕ್ಷಿಸಿ ನಿಲ್ಲಿಸಿದೆ. ಸರಣಿ ಬರೆಯುವವರಿಗೆ ಒಬ್ಬ ಓದುಗ ಮುಂದಿನ ಪುಸ್ತಕಗಳನ್ನೂ ಕೊಳ್ಳುತ್ತಾನೆ, ಆದ್ದರಿಂದ ಜಾಹೀರಾತಿನ ಖರ್ಚು ಗಿಟ್ಟುತ್ತದೆ. ಒಂದೇ ಪುಸ್ತಕವಿರುವವರಿಗೆ ಒಂದು ಪ್ರತಿಯ ಗೌರವಧನಕ್ಕಿಂತ ಅದನ್ನು ಮಾರಲು ತಗಲುವ ಖರ್ಚೇ ಹೆಚ್ಚಾಗುತ್ತದೆ.

ನನ್ನ ಆಯ್ಕೆಗೆ ನನ್ನ ಜೇಬೂ ಸ್ವಭಾವವೂ ಸಮಪಾಲು ಕಾರಣ. ಒಟ್ಟಿಗೆ ದೊಡ್ಡ ಮೊತ್ತ ಎತ್ತಿಡುವ ಶಕ್ತಿ ನನಗಿಲ್ಲ. ಈ ತಿಂಗಳು ಕರಡು ತಿದ್ದುವವರಿಗೆ, ಮುಂದಿನ ತಿಂಗಳು ಮುಖಪುಟಕ್ಕೆ ಎಂದು ಹಂಚಿಕೊಂಡರೆ ಹೇಗೋ ಸಾಗುತ್ತದೆ. ಮೇಲಾಗಿ ಅಚ್ಚಾದ ಮೇಲೂ ಅಲ್ಪವಿರಾಮಗಳನ್ನು ಎತ್ತಿ ಇಡುವ ಚಟ ನನ್ನದು. ಒಮ್ಮೆ ಮುಗಿಸಿದ್ದನ್ನು ಮತ್ತೆ ತಿರುಗಿ ನೋಡದವರಿಗೆ, ನೂರಾರು ಪ್ರತಿಗಳಿಗೆ ಕೊಳ್ಳುವವರು ಖಚಿತವಾಗಿ ಇರುವವರಿಗೆ, ಈ ದಾರಿ ದುಬಾರಿಯೇ ಸರಿ, ಏಕೆಂದರೆ ಇಲ್ಲಿ ಒಂದು ಪ್ರತಿಯ ಖರ್ಚು ಹೆಚ್ಚು ಪ್ರತಿ ತೆಗೆದ ಮಾತ್ರಕ್ಕೆ ಅಷ್ಟೇನೂ ಇಳಿಯುವುದಿಲ್ಲ. ಅಂಥವರು ಪ್ಯಾಕೇಜನ್ನು ಬಿಟ್ಟು ನೇರವಾಗಿ, ಒಟ್ಟಿಗೆ ಹೆಚ್ಚು ಪ್ರತಿ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣಾಲಯಕ್ಕೆ ಹೋಗುವುದು ಒಳ್ಳೆಯದು.

ಇಷ್ಟಾಗಿಯೂ ಪ್ಯಾಕೇಜೇ ಬೇಕೆನ್ನುವವರು ಮುಂಗಡ ಕೊಡುವ ಮೊದಲು ಮೂರು ಸಂಗತಿಗಳನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಲಿ: ಪುಟವಿನ್ಯಾಸ ಮತ್ತು ಮುಖಪುಟದ ಮೂಲ ಕಡತಗಳು ಲೇಖಕರಿಗೆ ಸೇರತಕ್ಕದ್ದು, ಪ್ರಕಟಣೆಯ ನಂತರ ಕಂಡುಬರುವ ಅಚ್ಚಿನ ತಪ್ಪುಗಳನ್ನು ಇಂತಿಷ್ಟು ಕಾಲದವರೆಗೆ ಶುಲ್ಕವಿಲ್ಲದೆ ತಿದ್ದತಕ್ಕದ್ದು, ಒಪ್ಪಂದ ಮುಗಿಸುವ ಹಕ್ಕು ಲೇಖಕರಿಗೂ ಇರತಕ್ಕದ್ದು.