ತಾರಿಹಾಳದ ಅನಿಲ ಸೋರಿಕೆ ತರಬೇತಿ: ಕಲಿಸಿದ್ದು, ಬಿಟ್ಟಿದ್ದು

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ನಿವಾಸಿಗಳಿಗಾಗಿ ಸರ್ಕಾರದ ನೆರವಿನಲ್ಲಿ ಉಚಿತವಾಗಿ ನಡೆದ ಒಂದು ದಿನದ ರಾಸಾಯನಿಕ ಅವಘಡ ಸಿದ್ಧತಾ ತರಬೇತಿಯಲ್ಲಿ ನಾನೂ ಪಾಲ್ಗೊಂಡಿದ್ದೆ. ಬೆಳಗಿನ ಭಾಷಣಗಳು ದೀರ್ಘವಾದವು. ಮಧ್ಯಾಹ್ನದ ಪ್ರಾತ್ಯಕ್ಷಿಕೆ ಮಾತ್ರ ನಿಜಕ್ಕೂ ಅಮೂಲ್ಯವಾಗಿತ್ತು. ತರಬೇತುದಾರರು ಕೋಲಿಗೆ ಹಳೆಯ ಸೀರೆಯ ಅಂಚೊಂದನ್ನು ಕಟ್ಟಿ, ಅದು ಹಾರುವ ದಿಕ್ಕನ್ನು ತೋರಿಸಿ, ಅಮೋನಿಯಾ ಸೋರಿದಾಗ ಗಾಳಿ ಬೀಸುವತ್ತ ಓಡದೆ ಅದಕ್ಕೆ ಅಡ್ಡಲಾಗಿ ಸರಿಯಬೇಕೆಂದೂ, ಆ ಅನಿಲ ನೀರಿನಲ್ಲಿ ಬೇಗ ಕರಗುವುದರಿಂದ ಒದ್ದೆ ಬಟ್ಟೆಯನ್ನು ಮೂಗಿಗೆ ಹಿಡಿಯಬೇಕೆಂದೂ ವಿವರಿಸಿದಾಗ, ನನ್ನ ಪಕ್ಕದಲ್ಲಿದ್ದ ಅಜ್ಜಿಯವರು ತಮ್ಮ ಸೆರಗನ್ನೇ ನೀರಿನಲ್ಲಿ ಅದ್ದಿ ಹಾಗೆ ಮಾಡಿ ನೋಡಿದರು. ಅಡುಗೆ ಅನಿಲ ಸೋರಿದರೆ ಕರೆಯಬೇಕಾದ 1906, ತುರ್ತು ನೆರವಿನ 112 ಸಂಖ್ಯೆಗಳನ್ನು ಎಲ್ಲರಿಂದಲೂ ಹೇಳಿಸಿದರು.

ಕೊರತೆಯೂ ಇದೆ. 1984ರ ಭೋಪಾಲ್ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, ದೊಡ್ಡ ಅಪಾಯವಿರುವ ಘಟಕಗಳ ಹೊರಗಿನವರಿಗೂ ಅದರ ಸ್ವರೂಪವನ್ನು ತಿಳಿಸಬೇಕೆನ್ನುತ್ತವೆ. 1996ರ ನಿಯಮಗಳು ಜಿಲ್ಲಾ ಮತ್ತು ಸ್ಥಳೀಯ ಮಟ್ಟದ ಬಿಕ್ಕಟ್ಟು ಸಮಿತಿಗಳನ್ನು ಕಲ್ಪಿಸಿವೆ. ಆದರೂ ನಮ್ಮ ಓಣಿಯ ಸಮೀಪ ಯಾವ ರಾಸಾಯನಿಕದ ಸಂಗ್ರಹವಿದೆ, ಸೈರನ್ ಕೂಗಿದರೆ ಎಲ್ಲಿ ಸೇರಬೇಕು ಎಂಬ ನನ್ನ ಪ್ರಶ್ನೆಗೆ ಅಂದು ಉತ್ತರ ದೊರೆಯಲಿಲ್ಲ. ಕೈಪಿಡಿಯಲ್ಲೂ ನಕ್ಷೆ ಇರಲಿಲ್ಲ. ಮುಂದಿನ ತರಬೇತಿಗೆ ನೆರೆಯವರನ್ನೂ ಕರೆದೊಯ್ದು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ.