ಬಾಕಿ ಹಣ ಖಾತೆಗೆ ಬರುವ ಮೊದಲು ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ

ತುಮಕೂರು ಜಿಲ್ಲೆಯಲ್ಲಿ ವೆಬ್‌ಸೈಟ್ ಕೆಲಸ ಹಿಡಿಯುವ ಸಣ್ಣ ತಂಡಗಳವರು ದಯವಿಟ್ಟು ಇದನ್ನು ಓದಬೇಕು. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರಿಗೆ ಸೈಟ್ ಮಾಡಿಕೊಟ್ಟ ನಾನು, ಒಪ್ಪಿದ ಹಣದಲ್ಲಿ ಅರ್ಧವನ್ನು ಇಂದಿಗೂ ಕಂಡಿಲ್ಲ.

ಮಾತು ಎಲ್ಲರಲ್ಲೂ ಆಗುವಂತೆಯೇ ಆಗಿತ್ತು: ಅರ್ಧ ಅಡ್ವಾನ್ಸ್, ಉಳಿದರ್ಧ ಸೈಟ್ ಲೈವ್ ಆಗುವ ಮೊದಲು. ಉಂಡೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದರಿಂದ ಹಿಂದಿ ಪುಟಗಳೂ ಬೇಕೆಂದರು, ಮಾಡಿದೆವು. ದಿನದ ಧಾರಣೆಯ ಪಟ್ಟಿ ಬೇಕೆಂದರು, ಅದನ್ನೂ ಮಾಡಿದೆವು. ಇವು ಯಾವುವೂ ಮೊದಲ ಒಪ್ಪಂದದಲ್ಲಿ ಇರಲಿಲ್ಲ.

ಕೆಲಸ ಮುಗಿದ ಶನಿವಾರ ಸಂಜೆ ಅವರೇ ಫೋನ್ ಮಾಡಿದರು. ಭಾನುವಾರ ದೆಹಲಿಯ ಖರೀದಿದಾರರು ಬರುತ್ತಾರೆ, ನಮ್ಮ ಡೊಮೇನಿನಲ್ಲೇ (ನಮ್ಮ ವೆಬ್ ವಿಳಾಸದಲ್ಲೇ) ತೋರಿಸಬೇಕು, ಧಾರಣೆ ತಿದ್ದಲು ಅಂಗಡಿಯ ಹುಡುಗನಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಿ, ಸೋಮವಾರ ಬೆಳಿಗ್ಗೆಯೇ ಹಣ ಹಾಕುತ್ತೇನೆ ಎಂದರು. ಮಾರುಕಟ್ಟೆಯಲ್ಲಿ ತೂಕವಾಗಿ ಹಣದ ಮಾತು ಮುಗಿಯದೆ ಒಂದು ಚೀಲವನ್ನೂ ಹೊರಗೆ ಬಿಡದ ಮನುಷ್ಯ, ಸೈಟಿನ ಪೂರ್ತಿ ಹಿಡಿತ ಕೊಡುವ ಆ ಪಾಸ್‌ವರ್ಡನ್ನೂ ಇಡೀ ಕೆಲಸವನ್ನೂ ನನ್ನಿಂದ ಬಾಯಿಮಾತಿನ ಮೇಲೆ ಬಿಡಿಸಿಕೊಂಡರು.

ಸೋಮವಾರ ಲಾಗಿನ್ ಆಗಲು ಹೋದರೆ, ನನ್ನ ಇಮೇಲ್ ವಿಳಾಸದ ಖಾತೆಯೇ ಇಲ್ಲವೆಂದು ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹೇಳಿತು. ನಾನೇ ಕಟ್ಟಿದ ಸೈಟಿನಲ್ಲಿ ನನ್ನ ಖಾತೆ ಇಲ್ಲ! ಪುಟದ ಅಡಿಯಲ್ಲಿದ್ದ ನಮ್ಮ ತಂಡದ ಹೆಸರನ್ನೂ ಅಳಿಸಿದ್ದರು. ಫೋನ್ ಮಾಡಿದರೆ ಬಂದ ಉತ್ತರ ಇದು: "ಏನಪ್ಪಾ, ಡೊಮೇನ್ ನಮ್ಮ ಹೆಸರಲ್ಲಿದೆ, ಸೈಟು ನಮ್ಮದು, ಇನ್ನು ನಿನಗೇನು ಕೆಲಸ ಅದರಲ್ಲಿ?" ಬಾಕಿ ಕೇಳಿದರೆ, "ರೆಡಿಮೇಡ್ ಥೀಮಿಗೆ ಕೊಟ್ಟ ಅಡ್ವಾನ್ಸೇ ಜಾಸ್ತಿ ಆಯ್ತು." ಆ ಹುಡುಗನನ್ನು ಕೇಳಿದೆ. "ಅಣ್ಣ, ನನಗೇನೂ ಗೊತ್ತಿಲ್ಲ, ಸಾಹುಕಾರ್ರನ್ನೇ ಕೇಳಿ" ಎಂದ. ಅಂದಿನಿಂದ ನನ್ನ ಸಂದೇಶಗಳಿಗೆ ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ತಂಡದ ಇಬ್ಬರು ಹುಡುಗರಿಗೆ ಈ ಹಣದಿಂದಲೇ ಸಂಬಳ ಕೊಡಬೇಕಿತ್ತು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಡೊಮೇನ್ ಅವರದೇ, ಅದರಲ್ಲಿ ತಕರಾರಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ನಾವು ಬರೆದ ಕೋಡನ್ನು ಅಂಥ ಯಾವ ಕಾಗದದಲ್ಲೂ ನಾನು ಬರೆದುಕೊಟ್ಟಿಲ್ಲ. ನಮ್ಮದು ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ಸಂಸ್ಥೆಯಾದ್ದರಿಂದ ಅಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯೂ ನಮಗೆ ಅನ್ವಯಿಸುತ್ತದೆ. ಅದರಂತೆ ಒಪ್ಪಂದ ಏನೇ ಇದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟಿನಲ್ಲಿ ಚಕ್ರಬಡ್ಡಿ ಕೊಡಬೇಕು. ದೂರಿನ ಕಾಗದಗಳನ್ನು ಸಿದ್ಧಮಾಡುತ್ತಿದ್ದೇನೆ.

ನೀವು ಮಾತ್ರ ಹಣ ಖಾತೆಗೆ ಬೀಳುವವರೆಗೆ ಸೈಟನ್ನು ನಿಮ್ಮ ಹೋಸ್ಟಿಂಗ್‌ನಲ್ಲೇ, ಅಂದರೆ ನಿಮ್ಮ ಹಿಡಿತದ ಸರ್ವರ್ ಜಾಗದಲ್ಲೇ ಇಟ್ಟು ತೋರಿಸಿ. ಧಾರಣೆ ತಿದ್ದುವವರಿಗೆ ಪುಟಗಳನ್ನು ತಿದ್ದಲು ಬಿಡುವ ಎಡಿಟರ್ ಖಾತೆ ಸಾಕು, ಅಡ್ಮಿನ್ ಬೇಡವೇ ಬೇಡ. ಹೆಚ್ಚುವರಿ ಪುಟ ಕೇಳಿದರೆ ಅದರ ದರವನ್ನು ಅಂದೇ ಬರೆದು ಒಪ್ಪಿಗೆ ಪಡೆಯಿರಿ. ಅದೇ ಸೈಟಿಗೆ ಆನ್‌ಲೈನ್ ಪಾವತಿ ಜೋಡಿಸಿಕೊಡುವವರನ್ನು ಈ ವರ್ತಕರು ಈಗ ತುಮಕೂರಿನಲ್ಲಿ ಹುಡುಕುತ್ತಿದ್ದಾರೆಂದು ತಿಳಿಯಿತು. ತಿಪಟೂರಿನಿಂದ ಅಂಥ ಕರೆ ಬಂದವರು ಕೆಲಸ ಒಪ್ಪಿಕೊಳ್ಳುವ ಮೊದಲು ನನ್ನನ್ನು ಒಂದು ಮಾತು ಕೇಳಿ.